ಕೂರಿಸಿ ಕೆಡಹುವ ಕಾಳಜಿ

ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಮನೆಗಳಲ್ಲಿ ಒಂದು ಕಟ್ಟಪ್ಪಣೆ ಹೊರಡುತ್ತದೆ. “ಅಪ್ಪಯ್ಯ, ಇನ್ನು ತೋಟಕ್ಕೆ ಇಳಿಯೋದು ಬೇಡ. ಜಗುಲಿ ಮೇಲೆ ಆರಾಮಾಗಿ ಕೂತಿರಿ, ಅಷ್ಟು ಸಾಕು.” ಮಗ ಮನೆಯಲ್ಲೇ ಇದ್ದರೆ ಎದುರಿಗೆ ನಿಂತು ಹೇಳುತ್ತಾನೆ, ಬೆಂಗಳೂರಿನಲ್ಲಿದ್ದರೆ ವಿಡಿಯೋ ಕಾಲಿನಲ್ಲಿ ಹೇಳುತ್ತಾನೆ. ಸೊಸೆ ಅತ್ತೆಯ ಕೈಯಿಂದ ಕೊಡಪಾನ ಕಸಿದುಕೊಳ್ಳುತ್ತಾಳೆ, ಮೊಮ್ಮಗಳು ನೀರಿನ ಲೋಟವನ್ನು ಕೂತಲ್ಲಿಗೇ ತಂದುಕೊಡುತ್ತಾಳೆ. ಬಂದ ನೆಂಟರು ‘ನೀವು ಪುಣ್ಯವಂತರು, ಒಂದು ಕಡ್ಡಿ ಎತ್ತಿಡಬೇಕಾಗಿಲ್ಲ’ ಎಂದು ಹೊಗಳಿ ಹೋಗುತ್ತಾರೆ. ಎಪ್ಪತ್ತು ದಾಟಿದವರನ್ನು ಅಲುಗಾಡದಂತೆ ನೋಡಿಕೊಳ್ಳುವುದೇ ಸೇವೆ, ಅಲುಗಾಡಿದರೆ ಬೀಳುತ್ತಾರೆ, ಬಿದ್ದರೆ ಮುಗಿಯಿತು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ ಅದನ್ನು ಪ್ರಶ್ನಿಸುವುದೇ ಹಿರಿಯರ ಮೇಲೆ ಕರುಣೆಯಿಲ್ಲದವರ ಮಾತಾಗಿ ಕೇಳಿಸುತ್ತದೆ. ಆದರೂ ಹೇಳಲೇಬೇಕು: ಈ ನಂಬಿಕೆ ತಪ್ಪು. ಯಾವ ಅನಾಹುತವನ್ನು ತಪ್ಪಿಸಬೇಕೆಂದು ಅದು ಹೊರಟಿದೆಯೋ ಆ ಅನಾಹುತಕ್ಕೇ ಮುಂಚಿತವಾಗಿ ದಾರಿ ಮಾಡಿಡುತ್ತದೆ.

ಭಯಕ್ಕೆ ಕಾರಣವಿಲ್ಲವೆಂದು ಯಾರೂ ಹೇಳುವಂತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಪೈಪೋಟಿ ಕೊಡುತ್ತದೆ. ಅಂಗಳಕ್ಕೆ ಸೋಗೆ ಹಾಸಿದರೂ, ಅಡಿಕೆ ದಬ್ಬೆ ಜೋಡಿಸಿದರೂ ಆಷಾಢದ ಹೊತ್ತಿಗೆ ಎಲ್ಲೆಲ್ಲೂ ಹಾವಸೆ. ಬಿದ್ದು ಸೊಂಟದ ಮೂಳೆ ಮುರಿದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಒಯ್ಯಬೇಕು. ಶರಾವತಿ ಹಿನ್ನೀರಿನಾಚೆಯ ಕರೂರು, ಬಾರಂಗಿ ಹೋಬಳಿಗಳವರಿಗಂತೂ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಲಾಂಚ್ ಹಿಡಿಯದೆ ಸಾಗರ ಪೇಟೆಗೆ ಹತ್ತಿರದ ದಾರಿಯೇ ಇರಲಿಲ್ಲ. ಮುರಿದ ಸೊಂಟಕ್ಕೆ ರಾಡು ಹಾಕಿಸಬಹುದು, ಬಾಲ್ ಕೂರಿಸಬಹುದು. ಆದರೆ ಅನೇಕ ದೇಶಗಳ ಲೆಕ್ಕ ನೋಡಿದರೆ ಸೊಂಟ ಮುರಿದುಕೊಂಡ ವೃದ್ಧರಲ್ಲಿ ಐದರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ, ಉಳಿದವರಲ್ಲಿ ಬಹಳ ಮಂದಿ ಮೊದಲಿನಂತೆ ನಡೆಯುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯದಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಸತ್ತವರಲ್ಲಿ ಅರವತ್ತು ದಾಟಿದವರೇ ಹೆಚ್ಚು, ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಾವುಗಳು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಇಷ್ಟೆಲ್ಲ ನಿಜ. ಬೀಳುವುದು ಅಪಾಯ ಎಂಬಲ್ಲಿ ತಕರಾರಿಲ್ಲ, ಹಾಗಾದರೆ ಕೂರಿಸಿಬಿಡಿ ಎಂಬ ತೀರ್ಮಾನದ ಬಗ್ಗೆ ತಕರಾರು.

ಮನುಷ್ಯ ನಿಂತಿರುವುದು ಹೇಗೆ ಎಂಬುದನ್ನು ಒಂದಿಷ್ಟು ನೋಡಿದರೆ ಈ ತೀರ್ಮಾನದ ಹುಳುಕು ಕಾಣುತ್ತದೆ. ನಿಂತ ದೇಹ ಎಂದೂ ಸ್ಥಿರವಾಗಿರುವುದಿಲ್ಲ. ಅದು ಸದಾ ಅಷ್ಟಿಷ್ಟು ಓಲಾಡುತ್ತಲೇ ಇರುತ್ತದೆ, ಮಿದುಳು ಕ್ಷಣಕ್ಷಣಕ್ಕೂ ಅದನ್ನು ನೆಟ್ಟಗೆ ತರುತ್ತಲೇ ಇರುತ್ತದೆ. ಇದಕ್ಕೆ ಬೇಕಾದ ಸುದ್ದಿ ಮೂರು ಕಡೆಯಿಂದ ಬರುತ್ತದೆ. ಕಣ್ಣು ಒಂದು. ಒಳಕಿವಿಯ ಸಮತೋಲದ ಅಂಗಗಳು ಇನ್ನೊಂದು. ತಲೆ ಯಾವ ಕಡೆಗೆ ವಾಲಿತು, ಎಷ್ಟು ವೇಗವಾಗಿ ತಿರುಗಿತು ಎಂಬುದನ್ನು ಅವು ಹೇಳುತ್ತವೆ. ಮೂರನೆಯದನ್ನು ನಾವು ಗಮನಿಸುವುದೇ ಇಲ್ಲ: ಅಂಗಾಲಿನ ಚರ್ಮ, ಹರಡಿನ ಕೀಲು, ಮೊಣಕಾಲು ಸೊಂಟಗಳ ಸ್ನಾಯುಗಳಲ್ಲಿ ಹುದುಗಿರುವ ನರಗಳು. ಕಣ್ಣಿನಿಂದ ನೋಡದೆಯೂ ಕಾಲು ಎಲ್ಲಿದೆ, ಪಾದದ ಕೆಳಗಿನ ನೆಲ ಇಳಿಜಾರೋ ಸಮವೋ, ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲಿದೆಯೋ ಎಂದು ತಿಳಿಯುವುದು ಇವುಗಳಿಂದ. ಮೈಯ ಅರಿವು ಎಂದರೆ ಇದೇ. ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ರಾಂಬರ್ಗ್ ಹೆಸರಿನಲ್ಲಿರುವ ಸರಳ ಪರೀಕ್ಷೆಯೊಂದನ್ನು ಇಂದಿಗೂ ನರರೋಗ ತಜ್ಞರು ಮಾಡಿಸುತ್ತಾರೆ: ಪಾದ ಜೋಡಿಸಿ ನಿಂತು ಕಣ್ಣು ಮುಚ್ಚುವುದು. ಕಣ್ಣು ತೆರೆದಾಗ ನೆಟ್ಟಗಿದ್ದವರು ಮುಚ್ಚಿದ ಕೂಡಲೇ ತೂರಾಡಿದರೆ ಕಾಲಿನಿಂದ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ ಎಂದರ್ಥ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿಕೊಂಡು, ಒದ್ದೆ ನೆಲದ ಮೇಲೆ ನಿಂತು, ಹಂಡೆಯ ಚೊಂಬಿಗಾಗಿ ಕೈ ಚಾಚುವ ಅಜ್ಜಿ ದಿನಾ ಕೊಡುವುದು ಇದೇ ಪರೀಕ್ಷೆಯನ್ನು, ಅದೂ ಹಿಡಿದುಕೊಳ್ಳಲು ಯಾರೂ ಇಲ್ಲದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಅಂಗಾಲಿನ ನರ ಮಂದವಾಗುತ್ತದೆ, ಕಣ್ಣಿಗೆ ಪೊರೆ ಬಂದಿರುತ್ತದೆ; ಮೂರರಲ್ಲಿ ಎರಡು ಕೈಕೊಟ್ಟಿರುವಾಗ ಮೂರನೆಯದರ ಮೇಲೆ ಎಲ್ಲ ಭಾರ.

ಸುದ್ದಿ ಬಂದರಷ್ಟೇ ಸಾಲದು, ಅದಕ್ಕೆ ಸರಿಯಾಗಿ ಕಾಲು ಓಗೊಡಬೇಕು. ಜಾರಿದವರೆಲ್ಲ ಬೀಳುವುದಿಲ್ಲ. ಇಪ್ಪತ್ತರ ಹುಡುಗನೂ ಹಾವಸೆ ಮೇಲೆ ಜಾರುತ್ತಾನೆ, ಆದರೆ ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದು ಕಾಲನ್ನು ಮುಂದೆ ಊರಿ ಸೊಂಟ ತಿರುಗಿಸಿ ನಿಂತುಬಿಡುತ್ತಾನೆ. ಎಪ್ಪತ್ತೈದರವರು ಜಾರಿದಾಗ ಆ ಎರಡನೆಯ ಹೆಜ್ಜೆ ತಡವಾಗಿ ಬರುತ್ತದೆ, ಇಲ್ಲವೇ ಗಿಡ್ಡವಾಗಿ ಬರುತ್ತದೆ, ಬಂದರೂ ತೊಡೆಗೆ ಮೈಭಾರ ತಡೆಯುವ ಕಸುವು ಇರುವುದಿಲ್ಲ. ಅಂದಮೇಲೆ ಬಿದ್ದದ್ದಕ್ಕೆ ಹಾವಸೆಯೊಂದನ್ನೇ ದೂರುವುದು ಅರ್ಧ ವಿಚಾರಣೆ. ಆ ಎರಡನೆಯ ಹೆಜ್ಜೆ ಎಲ್ಲಿ ಹೋಯಿತು ಎಂದು ಕೇಳಬೇಕು. ವಯಸ್ಸು ಒಂದಷ್ಟನ್ನು ಒಯ್ದಿತು, ಸುಳ್ಳಲ್ಲ. ಉಳಿದದ್ದನ್ನು ಒಯ್ದದ್ದು ಜಗುಲಿಯ ಮೇಲಿನ ಕುರ್ಚಿ.

ಇದು ಆವೇಶದ ಮಾತಲ್ಲ. 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅರವತ್ತು ದಾಟಿದ, ಯಾವ ಕಾಯಿಲೆಯೂ ಇಲ್ಲದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲಿರಿಸಿದರು. ಊಟ ಸರಿಯಾಗಿಯೇ ಕೊಟ್ಟರು. ಹತ್ತೇ ದಿನದಲ್ಲಿ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋದಷ್ಟು ಕೊಬ್ಬಲ್ಲದ ಮಾಂಸ ಕರಗಿತ್ತು. ಜ್ವರವೆಂದೋ ಬೆನ್ನುನೋವೆಂದೋ ನಾವು ಹಿರಿಯರನ್ನು ಮಲಗಿಸಿಡುವುದು ಹತ್ತು ದಿನಕ್ಕೆ ನಿಲ್ಲುವುದಿಲ್ಲ. ಮಳೆಗಾಲವೆಂದರೆ ನಾಲ್ಕು ತಿಂಗಳು. ಜೂನ್‌ನಲ್ಲಿ ಕೂತವರು ಅಕ್ಟೋಬರ್‌ನಲ್ಲಿ ಎದ್ದಾಗ ಅವರ ತೊಡೆ, ಮೀನಖಂಡ, ಹರಡು ಮೊದಲಿನವಲ್ಲ. ಎದ್ದ ಕೂಡಲೇ ಒಂದು ಸಲ ತೂಕ ತಪ್ಪುತ್ತದೆ. ಮನೆಯವರು ‘ನಾವು ಹೇಳಲಿಲ್ಲವೇ’ ಎನ್ನುತ್ತಾರೆ, ಹಿರಿಯರಿಗೂ ಹೌದೆನಿಸುತ್ತದೆ, ಭಯ ಹುಟ್ಟುತ್ತದೆ. ಭಯ ಹುಟ್ಟಿದವರು ಕಾಲು ಎತ್ತಿಡುವುದನ್ನು ಬಿಟ್ಟು ಎಳೆದು ನಡೆಯುತ್ತಾರೆ, ದೃಷ್ಟಿ ಪಾದ ಬಿಟ್ಟು ಮೇಲೇಳುವುದಿಲ್ಲ, ಮೈ ಬಿಗಿಯಾಗುತ್ತದೆ. ಹೀಗೆ ನಡೆಯುವವರೇ ಹೊಸಿಲು ಎಡವುವವರು. ಅಶಕ್ತರಾದ ವೃದ್ಧರು ಬೀಳುವುದು ಬಹುಮಟ್ಟಿಗೆ ಮನೆಯೊಳಗೇ: ಮಂಚದ ಪಕ್ಕ, ಬಚ್ಚಲಲ್ಲಿ, ರಾತ್ರಿ ಶೌಚಕ್ಕೆ ಎದ್ದಾಗ. ತೋಟಕ್ಕೆ ಹೋಗಬೇಡಿ ಎಂದವರು ಬಚ್ಚಲಿಗೂ ಹೋಗಬೇಡಿ ಎಂದು ಹೇಳಬಲ್ಲರೇ?

ಇನ್ನೊಂದು ಬದಿಯ ಸಾಕ್ಷಿ ಇದಕ್ಕಿಂತ ಗಟ್ಟಿ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2019ರಲ್ಲಿ ಈ ವಿಷಯದ 108 ಪ್ರಯೋಗಗಳನ್ನು ಪರಿಶೀಲಿಸಿತು. 25 ದೇಶಗಳ 23,407 ಹಿರಿಯರು ಅವುಗಳಲ್ಲಿದ್ದರು. ವ್ಯಾಯಾಮ ಮಾಡದ ಸಾವಿರ ಮಂದಿ ಒಂದು ವರ್ಷದಲ್ಲಿ 850 ಸಲ ಬೀಳುತ್ತಾರೆಂದಾದರೆ, ಮಾಡಿದ ಸಾವಿರ ಮಂದಿ ಬೀಳುವುದು 655 ಸಲ. ನೂರಕ್ಕೆ 23ರಷ್ಟು ಇಳಿಕೆ. ಸಮತೋಲದ ಅಭ್ಯಾಸದ ಜೊತೆ ಸ್ನಾಯು ಬಲಪಡಿಸುವ ಅಭ್ಯಾಸವನ್ನೂ ಸೇರಿಸಿದಲ್ಲಿ ಇಳಿಕೆ 34ರವರೆಗೆ ಹೋಗಿದೆ. ಬೀಳುವುದೇ ನಿಂತುಹೋಗುತ್ತದೆ ಎಂದು ಈ ಅಂಕಿಗಳು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಲೂಬಾರದು. ಆದರೆ ಬೀಳುವುದನ್ನು ಇಷ್ಟು ತಗ್ಗಿಸುವ ಮಾತ್ರೆಯೊಂದು ಬಂದಿದ್ದರೆ ಸಾಗರದ ಔಷಧಿ ಅಂಗಡಿಗಳ ಮುಂದೆ ಸರದಿ ಸಾಲು ನಿಲ್ಲುತ್ತಿತ್ತು. ‘ಅರವತ್ತರವರಿಗೆ ಸರಿ, ಎಂಬತ್ತಾದ ಮೇಲೆ ಏನು ವ್ಯಾಯಾಮ’ ಎನ್ನುವವರಿಗೆ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1997ರಲ್ಲೇ ಉತ್ತರ ಕೊಟ್ಟಿದ್ದಾರೆ. ಎಂಬತ್ತು ದಾಟಿದ ಹೆಂಗಸರ ಮನೆಗೇ ಹೋಗಿ, ಕಾಲಿನ ಬಲಕ್ಕೂ ಸಮತೋಲಕ್ಕೂ ಬೇಕಾದ ಸರಳ ಅಭ್ಯಾಸಗಳನ್ನು ಕಲಿಸಿಕೊಟ್ಟರು. ಆ ಕ್ರಮದ ನಾಲ್ಕು ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ ಬೀಳುವುದು 35 ಶೇಕಡ ಇಳಿದಿತ್ತು, ಹೆಚ್ಚಿನ ಲಾಭ ಸಿಕ್ಕಿದ್ದು ಎಂಬತ್ತು ಮೀರಿದವರಿಗೇ. ಅದಕ್ಕೂ ಮೊದಲು, 1994ರಲ್ಲಿ, ಬಾಸ್ಟನ್ನಿನ ಶುಶ್ರೂಷಾಲಯವೊಂದರ ನೂರು ಮಂದಿ ನಿತ್ರಾಣ ವೃದ್ಧರ ಮೇಲೆ ನಡೆದ ಪ್ರಯೋಗ ಹೊರಬಂತು. ಅವರ ಸರಾಸರಿ ವಯಸ್ಸು 87. ಹತ್ತು ವಾರ ಭಾರ ಎತ್ತುವ ಅಭ್ಯಾಸ ಮಾಡಿದವರ ಸ್ನಾಯುಬಲ ಎರಡು ಪಟ್ಟಿಗೂ ಹೆಚ್ಚಾಯಿತು, ಮೆಟ್ಟಿಲು ಹತ್ತುವುದು ಹಗುರವಾಯಿತು. ಮುದಿ ಸ್ನಾಯು ಕಲಿಯುವುದಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಇಷ್ಟು ಹೇಳಿದರೆ ಮಲೆನಾಡಿನಲ್ಲಿ ಎದುರಾಗುವ ಮೊದಲ ಆಕ್ಷೇಪ ಇದು: ‘ಅದೆಲ್ಲ ಪೇಟೆಯವರಿಗೆ, ಹೊರದೇಶದವರಿಗೆ. ನಮ್ಮವರು ಗುಡ್ಡ ಹತ್ತಿ ಗದ್ದೆ ಇಳಿದು ಬೆಳೆದವರು. ದುಡಿದ ಮೈಗೆ ಬೇರೆ ವ್ಯಾಯಾಮ ಯಾಕೆ?’ ಈ ಮಾತಿನಲ್ಲಿ ಹೆಮ್ಮೆಯಿದೆ, ಸ್ವಲ್ಪ ಸತ್ಯವೂ ಇದೆ. ಹಳೆಯ ಮಲೆನಾಡು ಜೀವನ ಸಮತೋಲದ ದೊಡ್ಡ ಪಾಠಶಾಲೆಯೇ ಆಗಿತ್ತು. ಹಳ್ಳ ದಾಟಲು ಎರಡು ಅಡಿಕೆ ಮರದ ಸಂಕ. ಬೇಲಿ ದಾಟಲು ತಡಬೆ, ಒಂದು ಕಾಲು ಎತ್ತಿ ಆಚೆ ಇಟ್ಟು ಮೈ ತಿರುಗಿಸಿ ಇನ್ನೊಂದನ್ನು ತರಬೇಕು. ಗದ್ದೆಯಂಚಿನ ಮೇಲೆ ಒಂದರ ಮುಂದೊಂದು ಹೆಜ್ಜೆ. ತಲೆಯ ಮೇಲೆ ಸೊಪ್ಪಿನ ಹೊರೆ, ಬರಿಗಾಲ ಕೆಳಗೆ ಬೇರು, ಕಲ್ಲು, ದರಕು. ಮನೆಯೊಳಗೂ ಹಾಗೇ. ಊಟಕ್ಕೆ ನೆಲ, ಮಲಗಲು ಚಾಪೆ, ಶೌಚಕ್ಕೆ ಕುಕ್ಕರಗಾಲು, ಮೆತ್ತಿಗೆ ಹತ್ತಲು ಕಡಿದಾದ ಏಣಿ. ದಿನಕ್ಕೆ ಹತ್ತಿಪ್ಪತ್ತು ಸಲ ನೆಲಕ್ಕೆ ಇಳಿದು ಏಳಬೇಕಿತ್ತು. ನೆಲದಿಂದ ಕೈಯೂರದೆ ಏಳುವುದು ಸಣ್ಣ ವಿಷಯವಲ್ಲ: 51ರಿಂದ 80 ವರ್ಷದ ಎರಡು ಸಾವಿರ ಮಂದಿಯನ್ನು ಬ್ರೆಜಿಲ್‌ನಲ್ಲಿ ಗಮನಿಸಿದ ಅಧ್ಯಯನವೊಂದು, ಹೀಗೆ ಕೂತು ಏಳಲು ಹೆಚ್ಚು ಒದ್ದಾಡಿದವರಲ್ಲಿ ಮುಂದಿನ ವರ್ಷಗಳ ಸಾವು ಹೆಚ್ಚೆಂದು ಕಂಡಿತು. ಅದೇ ತಂಡ 2022ರಲ್ಲಿ ಪ್ರಕಟಿಸಿದ ಇನ್ನೊಂದು ಲೆಕ್ಕದಲ್ಲಿ ಹತ್ತು ಸೆಕೆಂಡು ಒಂಟಿ ಕಾಲಿನಲ್ಲಿ ನಿಲ್ಲಲಾಗದವರ ಸಾವಿನ ಅಪಾಯ ನಿಂತವರದಕ್ಕಿಂತ 84 ಶೇಕಡ ಹೆಚ್ಚಿತ್ತು. ಒಂಟಿ ಕಾಲಲ್ಲಿ ನಿಂತರೆ ಆಯುಸ್ಸು ಬೆಳೆಯುತ್ತದೆ ಎಂದೇನೂ ಇದರರ್ಥವಲ್ಲ. ಒಳಗಿನ ಸ್ಥಿತಿಯನ್ನು ಸಮತೋಲ ಹೊರಗೆ ತೋರಿಸುತ್ತದೆ, ಅಷ್ಟೇ.

ಆದರೆ ಆ ಪಾಠಶಾಲೆ ಈಗ ಎಲ್ಲಿದೆ? ಸಂಕದ ಜಾಗದಲ್ಲಿ ಸಿಮೆಂಟ್ ಮೋರಿ ಬಂತು, ತಡಬೆಯ ಜಾಗದಲ್ಲಿ ಕಬ್ಬಿಣದ ಗೇಟು. ತೋಟದ ಬುಡದವರೆಗೆ ಬೈಕು, ಜೀಪು. ಗದ್ದೆಗಳು ಎಷ್ಟೋ ಕಡೆ ಅಡಿಕೆ ತೋಟವಾದವು, ಅಂಚೂ ಇಲ್ಲ ನಾಟಿಯೂ ಇಲ್ಲ. ಕೊನೆ ಕೊಯ್ಯಲು ಫೈಬರ್ ದೋಟಿ, ಅಡಿಕೆ ಸುಲಿಯಲು ಯಂತ್ರ. ಊಟಕ್ಕೆ ಮೇಜು, ಕೂರಲು ಸೋಫಾ, ಶೌಚಕ್ಕೆ ಕಮೋಡು, ನೆಲಕ್ಕೆ ನುಣುಪಾದ ಟೈಲ್ಸು, ಅದರ ಮೇಲೆ ಹವಾಯಿ ಚಪ್ಪಲಿ. ಇವೆಲ್ಲ ಬರಬಾರದಿತ್ತು ಎಂದು ಹಲುಬುವವರ ಸಾಲಿಗೆ ನಾನು ಸೇರುವವನಲ್ಲ. ಮಳೆಗಾಲದಲ್ಲಿ ಕೊಚ್ಚಿಹೋಗುವ ಸಂಕ ಯಾರಿಗೂ ಬೇಡ; ಮೊಣಕಾಲು ಸವೆದವರಿಗೆ ಕಮೋಡು ದೇವರು ಕೊಟ್ಟದ್ದು. ಹೇಳುವುದಿಷ್ಟೇ: ಮೈಗೆ ತಾನಾಗಿ ಸಿಗುತ್ತಿದ್ದ ಅಭ್ಯಾಸ ನಿಂತಿದೆ, ಅದರ ಜಾಗಕ್ಕೆ ನಾವು ಏನನ್ನೂ ತಂದಿಲ್ಲ, ಆದರೂ ‘ನಮ್ಮವರು ದುಡಿದವರು’ ಎಂಬ ಹಳೆಯ ಚೀಟಿಯನ್ನೇ ತೋರಿಸುತ್ತಿದ್ದೇವೆ. ಇಪ್ಪತ್ತು ವರ್ಷದ ಹಿಂದಿನ ದುಡಿಮೆ ಇವತ್ತಿನ ಕಾಲಿಗೆ ಬಲ ಕೊಡುವುದಿಲ್ಲ. ಸ್ನಾಯು ಉಳಿತಾಯ ಖಾತೆಯಲ್ಲ, ಹಿಂದೆ ಕಟ್ಟಿದ್ದನ್ನು ಈಗ ತೆಗೆಯಲು ಬರುವುದಿಲ್ಲ.

ಇನ್ನೂ ಒಂದನ್ನು ನೇರವಾಗಿ ಹೇಳಬೇಕು. ‘ನಮ್ಮವರು ದುಡಿದವರು’ ಎನ್ನುವಾಗ ದುಡಿದವರು ಯಾರು? ತೋಟದ ಯಜಮಾನರಲ್ಲಿ ಬಹಳ ಮಂದಿ ದುಡಿಸಿದವರು. ನಿಜವಾಗಿ ದುಡಿದವರ ಮೈಯನ್ನು ನೋಡಿ: ವರ್ಷಗಟ್ಟಲೆ ಸೊಂಟ ಬಗ್ಗಿಸಿ ನಾಟಿ ಮಾಡಿದ ಹೆಂಗಸರ ಬೆನ್ನು ನೆಟ್ಟಗಾಗುವುದಿಲ್ಲ, ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಅಡಿಕೆ ಸುಲಿದವರ ಮೊಣಕಾಲು ಮಡಚಿದಲ್ಲೇ ಹಿಡಿದುಕೊಂಡಿದೆ, ತಳೆಬಳ್ಳಿ ಕಟ್ಟಿ ಮರದಿಂದ ಮರಕ್ಕೆ ಜಿಗಿದ ಕೊನೆಗಾರ ಐವತ್ತಕ್ಕೇ ಮರ ಹತ್ತುವುದು ಬಿಟ್ಟಿದ್ದಾನೆ. ದುಡಿಮೆ ಮೈಯ ಕೆಲವು ಭಾಗಗಳನ್ನು ಸವೆಸುತ್ತದೆ, ಕೆಲವನ್ನು ಮುಟ್ಟುವುದೇ ಇಲ್ಲ. ವ್ಯಾಯಾಮ ಅದರ ಬದಲಿಯೂ ಅಲ್ಲ, ಅದರ ಇನ್ನೊಂದು ಹೆಸರೂ ಅಲ್ಲ. ದುಡಿಮೆ ಕೆಡಿಸಿದ್ದನ್ನು ಸರಿಪಡಿಸುವ ಕೆಲಸ ಅದರದು. ಕೂಲಿ ಮಾಡಿ ಬೇಸತ್ತ ಮೈಗೆ ಮತ್ತೆ ಕೆಲಸವೇ ಎಂದು ಕೂಲಿಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಹತ್ತು ನಿಮಿಷದ ಅಭ್ಯಾಸದಲ್ಲಿ ನೋವು ಕಡಿಮೆಯಾಗುವುದನ್ನು ತೋರಿಸುವುದರಲ್ಲಿದೆ. ಯಜಮಾನರು ಕೇಳಿದರೆ ಅದು ಸೋಮಾರಿತನ.

ಎರಡನೆಯ ಆಕ್ಷೇಪ ತಿಳಿದವರದು: ‘ನಾವು ಬೆಳಿಗ್ಗೆ ವಾಕಿಂಗ್ ಹೋಗುತ್ತೇವಲ್ಲ.’ ನಡಿಗೆ ಹೃದಯಕ್ಕೆ ಒಳ್ಳೆಯದು, ಸಕ್ಕರೆಗೆ ಒಳ್ಳೆಯದು, ಮನಸ್ಸಿಗಂತೂ ಇನ್ನೂ ಒಳ್ಳೆಯದು. ಆದರೆ ಬರೀ ನಡಿಗೆಯಿಂದ ಬೀಳುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ 65 ದಾಟಿದ 386 ಮಂದಿಯ ಮೇಲೆ 48 ವಾರ ನಡೆಸಿದ ನಡಿಗೆಯ ಪ್ರಯೋಗದಲ್ಲಿ ಬೀಳುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಡಾಂಬರು ರಸ್ತೆಯ ಮೇಲೆ ನೇರಕ್ಕೆ ನಡೆಯುವಾಗ ಸಮತೋಲಕ್ಕೆ ಸವಾಲೇ ಇಲ್ಲ. ಪಕ್ಕಕ್ಕೆ ಹೆಜ್ಜೆಯಿಲ್ಲ, ಹಿಂದಕ್ಕೆ ಹೆಜ್ಜೆಯಿಲ್ಲ, ತಿರುಗುವುದಿಲ್ಲ, ಬಗ್ಗಿ ಏಳುವುದಿಲ್ಲ. ಜನ ಬೀಳುವುದು ಮಾತ್ರ ತಿರುಗುವಾಗ, ಬಗ್ಗುವಾಗ, ಪಕ್ಕಕ್ಕೆ ಸರಿಯುವಾಗ. ಯೋಗದ ಹೆಸರು ಹೇಳುವವರಿಗೂ ಇದೇ ಮಾತು. ಜೂನ್ 21ಕ್ಕೆ ಶಾಲಾ ಮೈದಾನದಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿ ಪ್ರಾಣಾಯಾಮ ಮಾಡುವುದು ಉಸಿರಿಗೆ ಒಳ್ಳೆಯದಿರಬಹುದು, ಕೂತು ಮಾಡಿದ್ದರಿಂದ ನಿಲ್ಲುವುದು ಸುಧಾರಿಸುವುದಿಲ್ಲ. ವೃಕ್ಷಾಸನ, ವೀರಭದ್ರಾಸನ, ಗೋಡೆ ಹಿಡಿದು ಮಾಡುವ ತಾಡಾಸನ ಇವೆಲ್ಲ ಬೇರೆ ಮಾತು, ಅವು ನಿಂತು ತೂಗಬೇಕಾದವು. ನಮ್ಮ ಯೋಗ ತರಗತಿಗಳಲ್ಲಿ ಹಿರಿಯರನ್ನು ಹಿಂದಿನ ಸಾಲಿನ ಕುರ್ಚಿಗೆ ಕಳುಹಿಸುವುದು, ಅವರಿಗೆ ಅತ್ಯಗತ್ಯವಾದ ಭಾಗವನ್ನೇ ಬಿಡಿಸಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿದೆ: 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲ ಎರಡಕ್ಕೂ ಒತ್ತು ಕೊಡುವ ನಾನಾ ಬಗೆಯ ಚಟುವಟಿಕೆ ಮಾಡಬೇಕು.

ಹಾಗಾದರೆ ಮಾಡುವುದೇನು, ಹೊಸನಗರದ ಹಳ್ಳಿಮನೆಯಲ್ಲಿ ಜಿಮ್ ತೆರೆಯುವುದೇ? ಬೇಕಿಲ್ಲ. 2012ರಲ್ಲಿ ಸಿಡ್ನಿಯ ಸಂಶೋಧಕರು ಎಪ್ಪತ್ತು ದಾಟಿದ, ಆಗಲೇ ಬಿದ್ದು ಅನುಭವವಿದ್ದ 317 ಮಂದಿಯ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಬೇರೆ ಹೊತ್ತು, ಬೇರೆ ಸಲಕರಣೆ ಏನನ್ನೂ ಕೊಡದೆ ಮನೆಗೆಲಸದೊಳಗೇ ಸಮತೋಲದ ಅಭ್ಯಾಸ ಸೇರಿಸಿದರು. ಆ ಗುಂಪಿನವರು ಬೀಳುವುದು 31 ಶೇಕಡ ಇಳಿಯಿತು. ಇದನ್ನು ನಮ್ಮ ಮನೆಗೆ ತಂದುಕೊಳ್ಳಲು ಯಾವ ತಜ್ಞರ ಅಪ್ಪಣೆಯೂ ಬೇಡ. ಅಡುಗೆಮನೆಯ ಕಟ್ಟೆಗೆ ಎದುರಾಗಿ ನಿಂತು, ಎರಡೂ ಅಂಗೈ ಊರಿ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಹೆಬ್ಬೆರಳಿಗೆ ತಾಗಿಸಿ ನಿಲ್ಲುವುದು. ಹಾಲು ಕಾಯುವಷ್ಟು ಹೊತ್ತು ಸಾಕು. ನಾಲ್ಕು ದಿನದ ಮೇಲೆ ಒಂದು ಕೈ ತೆಗೆಯುವುದು, ಆಮೇಲೆ ಒಂದು ಬೆರಳು ಮಾತ್ರ ತಾಗಿಸುವುದು. ಅದು ಸುಲಭವಾಯಿತೆಂದರೆ ಮುಗಿಯಲಿಲ್ಲ, ಇನ್ನಷ್ಟು ಕಷ್ಟ ಮಾಡಿಕೊಳ್ಳಬೇಕು: ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು, ಒಂಟಿ ಕಾಲಿಗೆ ಬರುವುದು, ಕಟ್ಟೆಯುದ್ದಕ್ಕೂ ಪಕ್ಕಕ್ಕೆ ಹೆಜ್ಜೆ ಹಾಕುವುದು. ತೂಕ ತಪ್ಪೀತು ಎನ್ನಿಸುವ ಅಂಚಿನವರೆಗೆ ಹೋಗದ ಅಭ್ಯಾಸದಿಂದ ಪ್ರಯೋಜನ ಕಡಿಮೆ, ಆ ಅಂಚಿನಲ್ಲಿ ಕೈಗೆ ಆಸರೆ ಇಲ್ಲದಿದ್ದರೆ ಅಪಾಯ ಹೆಚ್ಚು. ವಿದ್ಯೆಯೆಲ್ಲ ಇವೆರಡರ ನಡುವೆ ಇದೆ. ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು. ಧೊಪ್ಪನೆ ಬೀಳುವಂತೆ ಕೂತರೆ ಅರ್ಧ ಲಾಭ ಹೋಯಿತು. ಜಗುಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಹೀಗೆ ದಿನಕ್ಕೆ ಅಷ್ಟಷ್ಟೇ ಸೇರಿ ವಾರಕ್ಕೆ ಮೂರು ತಾಸು ಮೀರಿದರೆ, ಅದರಲ್ಲಿ ಸಮತೋಲಕ್ಕೆ ನಿಜವಾದ ಸವಾಲಿದ್ದರೆ, ಬೀಳುವುದು 39 ಶೇಕಡದಷ್ಟು ತಗ್ಗಿದ್ದನ್ನು 2017ರ ಒಂದು ವಿಶ್ಲೇಷಣೆ ತೋರಿಸಿದೆ. ನಿಲ್ಲಿಸಿದರೆ ಗಳಿಸಿದ್ದು ಕರಗುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಹತ್ತಿರದ ಉದಾಹರಣೆ ಬೇಕೆಂದರೆ ನಮ್ಮ ಬಯಲಾಟದ ರಂಗಸ್ಥಳವನ್ನು ನೋಡಬಹುದು. ಸಾಗರ, ಹೊಸನಗರದ ಪ್ರೇಕ್ಷಕರು ಆಟಕ್ಕೆಂದು ಕಾದು ಕೂರುತ್ತಿದ್ದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು, 2017ರಲ್ಲಿ ತೀರಿಕೊಂಡರು. ತಲೆಯ ಮೇಲೆ ಕಿರೀಟದ ಭಾರ, ಮೈಮೇಲೆ ವೇಷದ ಭಾರ, ಚಂಡೆಯ ಪೆಟ್ಟಿಗೆ ಸರಿಯಾಗಿ ತಿರುಗಿ ನಿಲ್ಲಬೇಕು. ಆ ಪಾದ ಎಲ್ಲಿ ಊರಬೇಕೆಂದು ಕಣ್ಣಿನಿಂದ ನೋಡಿ ತಿಳಿಯುವಷ್ಟು ವ್ಯವಧಾನ ಯಾವ ವೇಷಧಾರಿಗೂ ಇಲ್ಲ. ಒಬ್ಬ ಅಸಾಧಾರಣ ಕಲಾವಿದರಿಂದ ಎಲ್ಲರ ಬಗ್ಗೆ ತೀರ್ಮಾನಕ್ಕೆ ಬರಲಾಗದು, ಅದು ಪುರಾವೆಯೂ ಅಲ್ಲ. ಪುರಾವೆ ಮೇಲೆ ಹೇಳಿದ ಪ್ರಯೋಗಗಳಲ್ಲಿದೆ. ಎಂಬತ್ತರ ಕಾಲು ಹೀಗೂ ಇರಬಲ್ಲದು ಎಂಬುದನ್ನು ನಮ್ಮ ಜನ ರಾತ್ರಿಯಿಡೀ ಕೂತು ನೋಡಿದ್ದಾರೆ, ನೋಡಿ ಮನೆಗೆ ಬಂದು ಎಪ್ಪತ್ತರ ಅಪ್ಪಯ್ಯನಿಗೆ ‘ನೀವು ಕೂತಿರಿ’ ಎಂದಿದ್ದಾರೆ.

‘ವ್ಯಾಯಾಮ ಮಾಡಲು ಹೋಗಿಯೇ ಬಿದ್ದರೆ?’ ಎಂಬುದು ತಳ್ಳಿಹಾಕುವ ಪ್ರಶ್ನೆಯಲ್ಲ. ಪ್ರಯೋಗಗಳಲ್ಲಿ ವರದಿಯಾದ ತೊಂದರೆಗಳು ಬಹುಪಾಲು ಸಣ್ಣಪುಟ್ಟ ಮೈಕೈ ನೋವು. ಆದರೂ ಎದ್ದಾಗ ಕಣ್ಣು ಕತ್ತಲೆ ಬರುವವರು, ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಇರುವವರು, ಆರು ತಿಂಗಳಲ್ಲಿ ಎರಡು ಮೂರು ಸಲ ಬಿದ್ದವರು ಮೊದಲು ವೈದ್ಯರಿಗೆ ತೋರಿಸಬೇಕು. ತಾವಾಗಿ ಕಾಲೆತ್ತಿ ನಿಲ್ಲಲು ಹೊರಡಬಾರದು. ನಿದ್ದೆ ಮಾತ್ರೆಯಿಂದಲೂ ಕೆಲವು ರಕ್ತದೊತ್ತಡದ ಮಾತ್ರೆಗಳಿಂದಲೂ ತೂಕ ತಪ್ಪುವುದುಂಟು, ಅಂಥಲ್ಲಿ ಡೋಸು ಸರಿಮಾಡಬೇಕಾದವರು ವೈದ್ಯರೇ. ಕಣ್ಣಿನ ಪೊರೆ ತೆಗೆಸದೆ ಕಾಲಿಗೆ ಅಭ್ಯಾಸ ಮಾಡಿಸುವುದು ಮೂರ್ಖತನ. ಮನೆಯನ್ನು ಸರಿಮಾಡುವುದೂ ಬೇಕು: ಬಚ್ಚಲಿಗೆ ಹಿಡಿಕೆ, ಮಂಚದಿಂದ ಶೌಚಾಲಯದವರೆಗೆ ರಾತ್ರಿ ದೀಪ, ಜಾರುವ ಟೈಲ್ಸಿನ ಮೇಲೆ ಒರಟು ಹಾಸು. 2023ರ ಕಾಕ್ರೇನ್ ಪರಿಶೀಲನೆಯಲ್ಲಿ ಇಂಥ ಬದಲಾವಣೆಗಳಿಂದ, ಬೀಳುವ ಅಪಾಯ ಹೆಚ್ಚಿರುವವರಲ್ಲಿ 38 ಶೇಕಡ ಇಳಿಕೆ ಕಂಡಿದೆ. ಇದು ಬೇಕೋ ಅದು ಬೇಕೋ ಎಂಬ ಜಗಳವೇ ಇಲ್ಲ. ಜಗಳವಿರುವುದು ಮನೆಯನ್ನೂ ಸರಿಮಾಡದೆ ಮೈಯನ್ನೂ ಸರಿಮಾಡದೆ ಮನುಷ್ಯರನ್ನು ಮಾತ್ರ ಕೂರಿಸುವವರೊಡನೆ.

ಕಡೆಯದಾಗಿ ಉಳಿಯುವುದು ಮರ್ಯಾದೆಯ ಪ್ರಶ್ನೆ. ‘ಈ ವಯಸ್ಸಿನಲ್ಲಿ ಕಾಲೆತ್ತಿ ನಿಂತರೆ ನೋಡಿದವರು ಏನೆಂದಾರು?’ ಊರುಗೋಲು ಹಿಡಿಯಲೂ ಇದೇ ನಾಚಿಕೆ, ಬಿದ್ದದ್ದನ್ನು ಮಕ್ಕಳಿಗೆ ಹೇಳಲೂ ಇದೇ ಹಿಂಜರಿಕೆ. ಹೇಳಿದರೆ ಇದ್ದ ಓಡಾಟವೂ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು. ಹೆಂಗಸರ ಪಾಡು ಇನ್ನೂ ವಿಚಿತ್ರ. ಅಡುಗೆ, ಕೊಟ್ಟಿಗೆ, ಅಂಗಳದ ಗುಡಿಸಾಟದಲ್ಲಿ ಎಪ್ಪತ್ತರವರೆಗೂ ಯಾರೂ ಅವರನ್ನು ಕೂರಿಸಲಿಲ್ಲ. ಸೊಸೆ ಬಂದ ಮೇಲೆ ಒಂದೇ ಏಟಿಗೆ ಎಲ್ಲ ಕೆಲಸ ಬಿಡಿಸಿ ಟಿ.ವಿ. ಮುಂದೆ ಕೂರಿಸಿದರು. ಎರಡೂ ಸಲ ಅವರನ್ನು ಯಾರೂ ಕೇಳಲಿಲ್ಲ. ಕಾಳಜಿ ಎನ್ನುವುದು ಇಲ್ಲಿ ಬಹುಮಟ್ಟಿಗೆ ಮಕ್ಕಳ ನೆಮ್ಮದಿಗೆ ಮಾಡಿದ ಏರ್ಪಾಡು. ಅಪ್ಪಯ್ಯ ಕುರ್ಚಿಯಲ್ಲಿ ಕೂತಿರುವುದು ಸಿ.ಸಿ. ಕ್ಯಾಮೆರಾದಲ್ಲಿ ಕಂಡರೆ ಬೆಂಗಳೂರಿನ ಮಗನಿಗೆ ನಿದ್ದೆ ಬರುತ್ತದೆ. ಆ ನಿದ್ದೆಯ ಬೆಲೆಯನ್ನು ಕಟ್ಟುವುದು ಅಪ್ಪಯ್ಯನ ಕಾಲು.

ಸರ್ಕಾರದ ಪಾಲನ್ನೂ ಮರೆಯುವಂತಿಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. 2010–11ರಲ್ಲಿ ಶುರುವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಕಾಗದದಲ್ಲಿ ಫಿಸಿಯೋಥೆರಪಿಗೂ ಪುನಶ್ಚೇತನಕ್ಕೂ ಜಾಗವಿದೆ. ಮುರಿದ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಲು ಯೋಜನೆಯ ಹಣ ಸಿಗುವ ಕಾಲದಲ್ಲಿ ಅದು ಮುರಿಯದಂತೆ ಹತ್ತು ನಿಮಿಷದ ಅಭ್ಯಾಸ ಕಲಿಸುವವರು ಹೋಬಳಿ ಮಟ್ಟದಲ್ಲಿ ಇರಬೇಕಲ್ಲವೇ? ಸಕ್ಕರೆ, ರಕ್ತದೊತ್ತಡ ವಿಚಾರಿಸಲು ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಇನ್ನೊಂದು ಪ್ರಶ್ನೆ ಕೇಳಬಹುದು: ಈ ವರ್ಷ ಎಷ್ಟು ಸಲ ಬಿದ್ದಿರಿ? ಆದರೆ ಈ ಹೊಸ ಕೆಲಸಕ್ಕೆ ಅವರಿಗೆ ಸಂಬಳವನ್ನೂ ಸೇರಿಸಿಯೇ ಹೇಳಬೇಕು, ಪುಕ್ಕಟೆ ದುಡಿಸುವ ಸಲಹೆ ಇದಲ್ಲ. ಪ್ರತಿ ಊರಿನ ಸಮುದಾಯ ಭವನ ಮದುವೆಯಿಲ್ಲದ ದಿನ ಬೀಗ ಹಾಕಿಕೊಂಡಿರುತ್ತದೆ. ವಾರಕ್ಕೆ ಮೂರು ಬೆಳಗ್ಗೆ ಅದರ ಬೀಗ ತೆಗೆಯಲು ಯಾವ ಅನುದಾನವೂ ಬೇಕಾಗಿಲ್ಲ.

ಅದೆಲ್ಲ ಆಗುವವರೆಗೆ ಕಾಯಬೇಡಿ. ನಿಮ್ಮ ಮನೆಯ ಹಿರಿಯರನ್ನು ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಎದೆಯ ಮೇಲೆ ಕೈ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸಿ, ಪಕ್ಕದಲ್ಲೇ ನಿಂತಿರಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಳತೆಯಂತೆ 70ರಿಂದ 74ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯವಿದೆ. ಕಡಿಮೆ ಬಂದರೆ ಅವರನ್ನು ಮತ್ತೆ ಕೂರಿಸಬೇಡಿ, ಅವರ ಜೊತೆ ನೀವೂ ಅಡುಗೆಕಟ್ಟೆ ಹಿಡಿದು ನಿಲ್ಲಿ, ನಾಳೆಯೂ ನಿಲ್ಲಿ.